ಸಿಎಸ್ ತಗೊಂಡವರಿಗೆ ಕೆಮಿಸ್ಟ್ರಿ ಲ್ಯಾಬ್ ಯಾಕೆ?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಬೇಗ ಬೇಗ ಗೀಚಿದ ಲೆಕ್ಕಗಳನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ. ಆಫೀಸ್ ಕ್ಯಾಬ್‌ನಲ್ಲೋ ಮೆಟ್ರೋದಲ್ಲೋ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ.

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿದ ಮೇಲೆ ಊರಿಂದ ಒಂದು ಪ್ರಶ್ನೆ ಬಂದೇ ಬರುತ್ತೆ. ಈ ಸಲ ಕೇಳಿದ್ದು ಹುಬ್ಬಳ್ಳಿಯಲ್ಲಿರೋ ನನ್ನ ಅಕ್ಕನ ಮಗಳು: "ಮಾಮಾ, ನಾ ಸಿಎಸ್ ತಗೊಂಡೀನಿ. ನನಗ್ಯಾಕ ಬೇಕು ಈ ಕೆಮಿಸ್ಟ್ರಿ?" ವಿಟಿಯುನಲ್ಲಿ ಓದಿದವರಿಗೆ ಈ ಸಂಕಟ ಗೊತ್ತು. ಫಸ್ಟ್ ಇಯರ್‌ನ ಅರ್ಧ ಜನ ಫಿಸಿಕ್ಸ್ ಸೈಕಲ್, ಉಳಿದರ್ಧ ಕೆಮಿಸ್ಟ್ರಿ ಸೈಕಲ್, ಆರು ತಿಂಗಳಾದ ಮೇಲೆ ಅದಲು ಬದಲು. ಬಿಳಿ ಕೋಟು, ರೆಕಾರ್ಡ್ ಬುಕ್, ವೈವಾ. ಮುಗೀತು, ಮರೆತ್ವಿ. 2022ರ ಸ್ಕೀಮ್‌ನಲ್ಲಿ ಸಿಎಸ್ ಕಡೆಯವರಿಗೆ ಅಂತಲೇ ಬೇರೆ ಕೆಮಿಸ್ಟ್ರಿ ಪೇಪರ್ ಬಂದಿದೆ, ಆದರೂ ಪ್ರಶ್ನೆ ಹಾಗೇ ಉಳಿದಿದೆ.

ಅವಳಿಗೆ ಫೋನಲ್ಲಿ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳ್ತೀನಿ. ಒಂದೇ ಮಾತಲ್ಲಿ ಹೇಳೋದಾದ್ರೆ, ಒಂದು ಸಂಖ್ಯೆಗೆ ಏನು ಅರ್ಥ ಅಂತ ಕ್ಲಾಸು ಕಲಿಸುತ್ತೆ. ಅದನ್ನ ಎಷ್ಟು ನಂಬಬಹುದು ಅಂತ ಲ್ಯಾಬು ಕಲಿಸುತ್ತೆ. ಎರಡೂ ಸೇರಿದಾಗ ಮಾತ್ರ ಕೆಮಿಸ್ಟ್ರಿ ಓದಿದ ಹಾಗೆ.

ಕ್ಲಾಸಲ್ಲಿ ಸಿಗೋದು: ಎಣಿಕೆಯ ಕಲ್ಪನೆ

ಮೊದಲ ವರ್ಷದ ಕೆಮಿಸ್ಟ್ರಿಗೆಲ್ಲ ಬೆನ್ನೆಲುಬು ಮೋಲ್. ಬ್ಯಾಂಕಿನಲ್ಲಿ ಚಿಲ್ಲರೆ ನಾಣ್ಯಗಳ ದೊಡ್ಡ ಚೀಲ ಬಂದಿದೆ ಅಂದ್ಕೊಳ್ಳಿ. ಒಂದೊಂದಾಗಿ ಎಣಿಸೋ ಬದಲು ತೂಕ ಹಾಕಿ, ಒಂದು ನಾಣ್ಯದ ತೂಕದಿಂದ ಭಾಗಿಸಿದರೆ ಎಷ್ಟು ನಾಣ್ಯ ಅಂತ ಗೊತ್ತಾಗುತ್ತೆ. ಕೆಮಿಸ್ಟ್ರಿಯೂ ಇದನ್ನೇ ಮಾಡೋದು. ರಾಸಾಯನಿಕ ಕ್ರಿಯೆಗೆ ಗ್ರಾಂ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಕಣಗಳ ಎಣಿಕೆ ಮಾತ್ರ. ನಮಗೆ ಕಣ ಕಾಣಲ್ಲ, ತಕ್ಕಡಿ ಕಾಣುತ್ತೆ. ಈ ಎರಡರ ನಡುವಿನ ಸೇತುವೆಯೇ ಮೋಲ್. 18 ಗ್ರಾಂ ನೀರಲ್ಲಿ ಎಷ್ಟು ಅಣು ಇದೆಯೋ, ಎಣಿಸಿದರೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲೂ ಅಷ್ಟೇ ಘಟಕ ಇರುತ್ತೆ.

ನಮ್ಮ ವಯಸ್ಸಿನವರು ಓದಿದ ಪುಸ್ತಕದಲ್ಲಿ ಮೋಲ್ ಅಂದ್ರೆ 12 ಗ್ರಾಂ ಕಾರ್ಬನ್-12ರಲ್ಲಿ ಇರೋ ಪರಮಾಣುಗಳಷ್ಟು ಅಂತ ಇತ್ತು. 2019ರ ಮೇ 20ರಿಂದ ಅದು ಬದಲಾಗಿದೆ. ಈಗ ಮೋಲ್ ಅಂದ್ರೆ ನೇರವಾಗಿ 6.02214076 × 10ರ ಘಾತ 23 ಕಣಗಳು. ಡಜನ್ ಅಂದ್ರೆ 12 ಅನ್ನೋ ಹಾಗೆ ಮೋಲ್ ಕೂಡ ಈಗ ಶುದ್ಧ ಎಣಿಕೆ.

ಇಷ್ಟನ್ನ ಒಳ್ಳೇ ಮೇಷ್ಟ್ರು ಒಂದು ಗಂಟೆಯಲ್ಲಿ ತಲೆಗೆ ಹತ್ತಿಸಬಹುದು. ಆದರೆ ಕೇಳುವಾಗ "ಅರ್ಥ ಆಯ್ತು" ಅನ್ನಿಸೋದೂ ನಿಜವಾಗಿ ಅರ್ಥ ಆಗೋದೂ ಬೇರೆ ಬೇರೆ.

ಕೇಳಿದ್ದು ಸಾಕಾಗ್ಲಿಲ್ಲ ಅಂತ ಮೊದಲು ಹೇಳಿದವರು

ಈ ತೊಂದರೆ ಇನ್ನೂರು ವರ್ಷಕ್ಕಿಂತ ಹಳೇದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಕೊಡುತ್ತಿದ್ದ ಕೆಮಿಸ್ಟ್ರಿ ಉಪನ್ಯಾಸಗಳಿಗೆ ಸಿನಿಮಾಕ್ಕೆ ಸೇರೋ ಹಾಗೆ ಜನ ಸೇರುತ್ತಿದ್ದರು. ಕೇಳೋಕೆ ಹೋದವರಲ್ಲಿ ಜೇನ್ ಮಾರ್ಸೆಟ್ ಅನ್ನೋ ಮಹಿಳೆ ಒಬ್ಬರು. ಅವರಿಗೆ ಅನಿಸಿದ್ದೇನು ಅಂದ್ರೆ, ಪ್ರಯೋಗಗಳು ಕಣ್ಣ ಮುಂದೆ ಸರಸರ ಸಾಗಿ ಹೋಗ್ತವೆ, ಮನಸ್ಸಲ್ಲಿ ಏನೂ ನಿಲ್ಲಲ್ಲ. ಆಮೇಲೆ ಪರಿಚಯದವರೊಬ್ಬರ ಜತೆ ಕೂತು ಅವೇ ವಿಷಯಗಳನ್ನ ಮಾತಾಡ್ತಾ, ಪ್ರಯೋಗಗಳನ್ನ ಮತ್ತೆ ಮಾಡ್ತಾ ಕಲಿತರು. ಅದೇ ಅನುಭವದಿಂದ ಒಬ್ಬ ಟೀಚರಮ್ಮ, ಇಬ್ಬರು ಹುಡುಗಿಯರ ಸಂಭಾಷಣೆಯ ರೂಪದಲ್ಲಿ ಕೆಮಿಸ್ಟ್ರಿ ಪುಸ್ತಕ ಬರೆದರು. 1805-06ರ ಹೊತ್ತಿಗೆ ಲೇಖಕಿಯ ಹೆಸರಿಲ್ಲದೆ ಅದು ಪ್ರಕಟ ಆಯ್ತು.

ಪುಸ್ತಕಕ್ಕೆ ರಟ್ಟು ಕಟ್ಟೋ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಒಬ್ಬ ಬಡ ಹುಡುಗ ಅದನ್ನ ಓದಿದ. ಅವನೇ ಮೈಕೆಲ್ ಫ್ಯಾರಡೆ. 1812ರಲ್ಲಿ ಅವನಿಗೆ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಸಿಕ್ತು. ಕೇಳಿ ನೋಟ್ಸ್ ಮಾಡ್ಕೊಂಡ, ನೀಟಾಗಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ಅದೇ ಸಂಸ್ಥೆಯಲ್ಲಿ ಲ್ಯಾಬ್ ಸಹಾಯಕನ ಕೆಲಸ ಸಿಕ್ತು. ಉಪನ್ಯಾಸ ಅವನನ್ನ ಬಾಗಿಲ ತನಕ ಕರಕೊಂಡು ಹೋಯ್ತು, ಫ್ಯಾರಡೆ ಫ್ಯಾರಡೆ ಆಗಿದ್ದು ಬಾಗಿಲ ಒಳಗೆ.

ಇನ್ನು ವಿದ್ಯಾರ್ಥಿಗಳೇ ಸಾಲಾಗಿ ನಿಂತು ಕೈಯಾರೆ ಪ್ರಯೋಗ ಮಾಡಿ ಕಲಿಯೋ ಪದ್ಧತಿಯನ್ನ ಗಟ್ಟಿಯಾಗಿ ಬೇರೂರಿಸಿದವರಲ್ಲಿ ಮುಖ್ಯ ಹೆಸರು ಜರ್ಮನಿಯ ಯುಸ್ಟುಸ್ ಲೀಬಿಗ್‌ರದ್ದು. 1824ರಲ್ಲಿ, 21ನೇ ವಯಸ್ಸಿಗೆ, ಗೀಸನ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದವರು ಅವರು. ಯುರೋಪಿನ ನಾನಾ ಕಡೆಯಿಂದ ಹುಡುಗರು ಅಲ್ಲಿಗೆ ಹೋಗಿ ಕಲಿತು ತಮ್ಮ ತಮ್ಮ ಊರಲ್ಲಿ ಅಂಥದ್ದೇ ಲ್ಯಾಬ್ ಕಟ್ಟಿದರು. ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಕೂಡ ಆ ಪರಂಪರೆಯದ್ದೇ.

ಗಡಸು ನೀರಿನ ಪ್ರಯೋಗ: ಕೈ ಕಲಿಯೋ ಪಾಠ

ಈಗ ನಮ್ಮೆಲ್ಲರಿಗೂ ಪರಿಚಯ ಇರೋ ಒಂದು ಪ್ರಯೋಗ ತಗೊಳ್ಳೋಣ. ಇಡಿಟಿಎ ದ್ರಾವಣದಿಂದ ನೀರಿನ ಗಡಸುತನ ಅಳೆಯೋದು. 1940ರ ದಶಕದಲ್ಲಿ ಜೂರಿಕ್‌ನ ಗೆರೋಲ್ಡ್ ಶ್ವಾರ್ಜೆನ್‌ಬಾಕ್ ಬೆಳೆಸಿದ ವಿಧಾನ ಇದು.

ಪಿಪೆಟ್‌ನಿಂದ 25 ಮಿ.ಲೀ. ನೀರು ತಗೊಂಡು ಕೋನಿಕಲ್ ಫ್ಲಾಸ್ಕಿಗೆ ಬಿಡ್ತೀವಿ. ಪಿಎಚ್ 10ರ ಹತ್ತಿರ ಇರೋಕೆ ಅಮೋನಿಯಾ ಬಫರ್ ಹಾಕ್ತೀವಿ. ಎರಿಯೋಕ್ರೋಮ್ ಬ್ಲಾಕ್ ಟಿ ಅನ್ನೋ ಇಂಡಿಕೇಟರ್ ಹಾಕಿದ ತಕ್ಷಣ ನೀರು ದ್ರಾಕ್ಷಾರಸದ ಕೆಂಪಾಗುತ್ತೆ, ಯಾಕಂದ್ರೆ ಇಂಡಿಕೇಟರ್ ಕೆಲವು ಲೋಹದ ಅಯಾನುಗಳನ್ನ ಹಿಡ್ಕೊಂಡು ಕೂತಿರುತ್ತೆ. ಬ್ಯುರೆಟ್‌ನಿಂದ ಇಡಿಟಿಎ ಹನಿ ಹನಿ ಬೀಳ್ತಿದ್ದ ಹಾಗೆ ಅದು ಏಡಿಯ ಕೊಂಡಿಯ ಹಾಗೆ ಸುತ್ತಲಿಂದ ಆವರಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನ ಹಿಡಿಯುತ್ತೆ. ಒಂದು ಅಯಾನಿಗೆ ಒಂದು ಇಡಿಟಿಎ. ಕೊನೆಗೆ ಇಂಡಿಕೇಟರ್ ಹಿಡಿದಿದ್ದನ್ನೂ ಕಿತ್ತುಕೊಳ್ಳುತ್ತೆ. ಆಗ ಬರಿಗೈಯಾದ ಇಂಡಿಕೇಟರ್ ನೀಲಿ ಬಣ್ಣ ತೋರಿಸುತ್ತೆ. ಅದೇ ಎಂಡ್ ಪಾಯಿಂಟ್.

ಇಡಿಟಿಎ ಸಾಂದ್ರತೆ 0.01 ಮೋಲಾರ್, ಖರ್ಚಾಗಿದ್ದು 11.3 ಮಿ.ಲೀ. ಅಂತಿಟ್ಕೊಳ್ಳಿ. ಅಂದ್ರೆ 0.000113 ಮೋಲ್ ಇಡಿಟಿಎ, ಅಷ್ಟೇ ಮೋಲ್ ಕ್ಯಾಲ್ಸಿಯಂ-ಮೆಗ್ನೀಸಿಯಂ. ಅದನ್ನೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕಕ್ಕೆ ತಂದರೆ 100ರಿಂದ ಗುಣಿಸಿ 0.0113 ಗ್ರಾಂ, ಅಂದ್ರೆ 11.3 ಮಿಲಿಗ್ರಾಂ. ಇದು 25 ಮಿ.ಲೀ. ನೀರಿನಲ್ಲಿ ಇರೋದು. ಒಂದು ಲೀಟರ್‌ಗೆ 40 ಪಟ್ಟು: 452 ಮಿಲಿಗ್ರಾಂ. ಇದನ್ನೇ 452 ಪಿಪಿಎಂ ಗಡಸುತನ ಅನ್ನೋದು.

ಇಷ್ಟು ಲೆಕ್ಕ ಕ್ಲಾಸಲ್ಲೇ ಬರುತ್ತೆ, ಲ್ಯಾಬ್ ಬೇಕಿಲ್ಲ. ಆದರೆ ವೈವಾದಲ್ಲಿ ತಪ್ಪದೇ ಬರೋ ಒಂದು ಪ್ರಶ್ನೆ ಇದೆ: ಯಾವ ಪಾತ್ರೆಯನ್ನ ಯಾವುದರಿಂದ ತೊಳೀಬೇಕು? ಬ್ಯುರೆಟ್‌ನ್ನ ಇಡಿಟಿಎಯಿಂದ, ಪಿಪೆಟ್‌ನ್ನ ಪರೀಕ್ಷೆಯ ನೀರಿನಿಂದ, ಆದರೆ ಕೋನಿಕಲ್ ಫ್ಲಾಸ್ಕ್‌ನ್ನ ಬರೀ ಡಿಸ್ಟಿಲ್ಡ್ ವಾಟರ್‌ನಿಂದ. ಬಹಳ ಜನ ಇದನ್ನ ಬಾಯಿಪಾಠ ಮಾಡ್ತಾರೆ. ಯಾಕೆ ಅಂತ ಯೋಚಿಸಿದರೆ ಮೋಲ್ ಅನ್ನೋ ಪಾಠ ಪೂರ್ತಿ ಅಲ್ಲೇ ಇದೆ.

ಬ್ಯುರೆಟ್ ಒಳಗೆ ಡಿಸ್ಟಿಲ್ಡ್ ವಾಟರ್ ಉಳಿದಿದ್ದರೆ ಇಡಿಟಿಎ ತೆಳುವಾಗುತ್ತೆ, 0.01 ಅನ್ನೋ ಸಂಖ್ಯೆಯೇ ಸುಳ್ಳಾಗುತ್ತೆ. ಪಿಪೆಟ್‌ನಲ್ಲಿ ಉಳಿದಿದ್ದರೆ 25 ಮಿ.ಲೀ. ಅಂತ ತಗೊಂಡಿದ್ದರಲ್ಲಿ ಪರೀಕ್ಷೆಯ ನೀರು ಕಮ್ಮಿ ಇರುತ್ತೆ. ಆದರೆ ಫ್ಲಾಸ್ಕಿನಲ್ಲಿ ಹತ್ತಿಪ್ಪತ್ತು ಮಿ.ಲೀ. ಡಿಸ್ಟಿಲ್ಡ್ ವಾಟರ್ ಇದ್ದರೂ ಉತ್ತರ ಬದಲಾಗಲ್ಲ. ಹುಳಿಗೆ ಒಂದು ಲೋಟ ನೀರು ಬೆರೆಸಿದ್ರೆ ರುಚಿ ಸಪ್ಪೆ ಆಗುತ್ತೆ, ಹಾಕಿದ ಉಪ್ಪು ಕಮ್ಮಿ ಆಗಲ್ಲ. ಹಾಗೇನೇ ಫ್ಲಾಸ್ಕಿನಲ್ಲಿ ನಾವು ಲೆಕ್ಕ ಹಾಕ್ತಿರೋದು ಸಾಂದ್ರತೆಯನ್ನಲ್ಲ, ಒಳಗೆ ಒಟ್ಟು ಎಷ್ಟು ಕ್ಯಾಲ್ಸಿಯಂ ಬಿತ್ತು ಅನ್ನೋದನ್ನ. ಅದೇ ಫ್ಲಾಸ್ಕ್‌ನ್ನ ಪರೀಕ್ಷೆಯ ನೀರಿನಿಂದ ತೊಳೆದರೆ ಮಾತ್ರ ಲೆಕ್ಕಕ್ಕೆ ಸಿಗದ ಕ್ಯಾಲ್ಸಿಯಂ ಒಳಗೆ ಉಳಿದುಬಿಡುತ್ತೆ.

ಎಣಿಕೆಗೂ ಸಾಂದ್ರತೆಗೂ ಇರೋ ಈ ವ್ಯತ್ಯಾಸವನ್ನ ಸ್ಲೈಡಿನಲ್ಲಿ ಎರಡು ಸಾಲಲ್ಲಿ ಬರೀಬಹುದು. ಆದರೆ ವಾಶ್ ಬಾಟಲ್ ಹಿಡಿದು, ಫ್ಲಾಸ್ಕಿನ ಗೋಡೆಗೆ ಅಂಟಿದ ಹನಿಯನ್ನ ನೀರು ಹಾಯಿಸಿ ಕೆಳಗೆ ಇಳಿಸುವಾಗ "ಅರೆ, ಇಷ್ಟು ನೀರು ಹಾಕ್ತಿದ್ದೀನಿ, ಉತ್ತರ ಕೆಡಲ್ವಾ?" ಅನ್ನೋ ಅನುಮಾನ ಬರುತ್ತಲ್ಲ, ಆ ಅನುಮಾನ ಬಂದವರು ಇದನ್ನ ಮರೆಯೋದಿಲ್ಲ.

ಮೂರು ರೀಡಿಂಗ್ ಯಾಕೆ?

ಎರಡನೇ ಪಾಠ ರೀಡಿಂಗ್‌ಗಳದ್ದು. ಒಂದು ಸಲ ಅಂದಾಜಿಗೆ ಮಾಡಿ, ಆಮೇಲೆ ಹೊಂದಾಣಿಕೆ ಆಗೋ ತನಕ ಮಾಡಬೇಕು. ಸಾಮಾನ್ಯ ಬ್ಯುರೆಟ್‌ನಲ್ಲಿ ಅತಿ ಚಿಕ್ಕ ಗೆರೆ 0.1 ಮಿ.ಲೀ. ನಮ್ಮ ಲೆಕ್ಕದಲ್ಲಿ ಒಂದು ಗೆರೆ ತಪ್ಪಿದರೆ 4 ಪಿಪಿಎಂ ಆಚೆ ಈಚೆ. ಹಾಗಾಗಿ ಕ್ಯಾಲ್ಕುಲೇಟರ್ 451.87 ತೋರಿಸಿದರೂ ಪಾಯಿಂಟ್ ಆದ ಮೇಲಿನ ಅಂಕಿಗೆ ಬೆಲೆ ಇಲ್ಲ.

ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳ್ತೀನಿ. ರೀಡಿಂಗ್ 11.2, 11.5, 11.1 ಅಂತ ಕುಣೀತಿದ್ದರೆ ಅದು ಒಂದು ಸಲ ಪಾಸ್, ಇನ್ನೊಂದು ಸಲ ಫೇಲ್ ಆಗೋ ಟೆಸ್ಟ್ ಇದ್ದ ಹಾಗೆ. ಕೈ, ಕಣ್ಣು, ಹನಿ ಯಾವುದೋ ಸ್ಥಿರ ಇಲ್ಲ. ಇನ್ನೊಂದು ಇದಕ್ಕಿಂತ ಅಪಾಯದ್ದು. ಮೂರು ಸಲವೂ 11.3 ಬಂತು, ಆದರೆ ಇಡಿಟಿಎ ಬಾಟಲಿಯ ಮೇಲೆ ಬರೆದ ಸಾಂದ್ರತೆಯೇ ತಪ್ಪು. ಆಗ ಮೂರೂ ಉತ್ತರ ಒಂದೇ, ಮೂರೂ ತಪ್ಪು. ಎಷ್ಟು ಸಲ ಓಡಿಸಿದರೂ ಇದು ಸಿಗಲ್ಲ. ಗೊತ್ತಿರೋ ಮಾದರಿಯ ಜತೆ ಹೋಲಿಸಿ ನೋಡಿದಾಗ ಮಾತ್ರ ಸಿಗುತ್ತೆ. ಲ್ಯಾಬಿನಲ್ಲಿ ಮೊದಲು ಸ್ಟಾಂಡರ್ಡೈಸ್ ಮಾಡೋದು ಅದಕ್ಕೇ.

ಸೀನಿಯರ್‌ಗಳ ಹಳೇ ರೆಕಾರ್ಡ್ ಎಲ್ಲಾ ಕಾಲೇಜಲ್ಲೂ ಸುತ್ತಾಡುತ್ತೆ. ಅದರಿಂದ ಉತ್ತರ ನೋಡಿ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯೋದು ಅಂದ್ರೆ, ಬರಬೇಕಾದ ಔಟ್‌ಪುಟ್‌ನ್ನ ಕೋಡ್ ಒಳಗೇ ಬರೆದು ಟೆಸ್ಟ್ ಪಾಸ್ ಮಾಡಿಸಿದ ಹಾಗೆ. ಹತ್ತು ಮಾರ್ಕ್ಸ್ ಸಿಗುತ್ತೆ, ಕಲಿಯೋ ಒಂದೇ ಅವಕಾಶ ಹೋಗುತ್ತೆ.

ಹೈದರಾಬಾದ್, ಬೋರ್‌ವೆಲ್ ಮತ್ತೆ ಟಿಡಿಎಸ್ ಮೀಟರ್

ಇದೆಲ್ಲ ನೌಕರಿಗೆ ಬಂದ ಮೇಲೆ ಎಲ್ಲಿ ಕೆಲಸಕ್ಕೆ ಬರುತ್ತೆ? ನಾನಿರೋ ಹೈದರಾಬಾದ್ ಅಪಾರ್ಟ್‌ಮೆಂಟಿನ ಕಥೆ ಹೇಳ್ತೀನಿ. ನಮ್ಮಲ್ಲಿ ಬೋರ್‌ವೆಲ್ ನೀರು, ಸಾಲದಿದ್ದರೆ ಟ್ಯಾಂಕರ್. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ, ನಲ್ಲಿಯಲ್ಲಿ ಸುಣ್ಣದ ಗೆರೆ, ತೊಗರಿಬೇಳೆ ಎಷ್ಟು ವಿಶಲ್ ಕೂಗಿಸಿದರೂ ಗಟ್ಟಿ. ಪುಣೆ, ಚೆನ್ನೈನ ಬೋರ್‌ವೆಲ್ ಮನೆಗಳಲ್ಲಿರೋರಿಗೆ ಇದು ಹೊಸದೇನಲ್ಲ.

ಕಮಿಟಿ ಮುಂದೆ ಎರಡು ಪ್ರಸ್ತಾಪ ಬಂತು. ಒಂದು ಸಾಫ್ಟ್‌ನರ್, ಇನ್ನೊಂದು ಇಡೀ ಬಿಲ್ಡಿಂಗಿಗೆ ಆರ್‌ಒ. ಎರಡೂ ಲಕ್ಷಗಳ ಮಾತು. ಟ್ರಯಲ್‌ಗೆ ಇಟ್ಟ ಸಾಫ್ಟ್‌ನರ್‌ನ ನೀರಿಗೆ ಯಾರೋ ಟಿಡಿಎಸ್ ಮೀಟರ್ ಅದ್ದಿದರು. ಒಳಗೆ ಹೋಗೋ ನೀರು 760, ಹೊರಗೆ ಬಂದದ್ದು 745. "ಏನೂ ಕಮ್ಮಿ ಆಗಿಲ್ಲ, ಇದು ಮೋಸ, ಆರ್‌ಒನೇ ಹಾಕಿಸೋಣ" ಅಂತ ಗ್ರೂಪಲ್ಲಿ ಗಲಾಟೆ ಶುರು.

ಈಗ ಫಸ್ಟ್ ಇಯರ್ ಪಾಠ ನೆನಪಿಸ್ಕೊಳ್ಳಿ. ಸಾಫ್ಟ್‌ನರ್ ಅಂದ್ರೆ ಅಯಾನ್ ಎಕ್ಸ್‌ಚೇಂಜ್. ರಾಳದ ಮಣಿಗಳು ಒಂದು ಕ್ಯಾಲ್ಸಿಯಂ ಇಟ್ಕೊಂಡು ಎರಡು ಸೋಡಿಯಂ ಬಿಡ್ತವೆ. ಗಡಸುತನ 450 ಅಂದ್ರೆ ಲೀಟರ್‌ಗೆ 4.5 ಮಿಲಿಮೋಲ್. ಅದೆಲ್ಲ ಕ್ಯಾಲ್ಸಿಯಂ ಅಂತಲೇ ಹಿಡಿದರೆ ಹೊರಗೆ ಹೋಗೋದು 4.5 × 40, ಅಂದ್ರೆ 180 ಮಿಲಿಗ್ರಾಂ. ಒಳಗೆ ಬರೋ ಸೋಡಿಯಂ 4.5 × 46, ಅಂದ್ರೆ 207 ಮಿಲಿಗ್ರಾಂ. ಕರಗಿದ ಪದಾರ್ಥದ ತೂಕ ಕಮ್ಮಿ ಆಗೋದಿರಲಿ, ಸ್ವಲ್ಪ ಜಾಸ್ತಿಯೇ ಆಗುತ್ತೆ! ಅದೂ ಅಲ್ಲದೆ ಕೈಯಲ್ಲಿ ಹಿಡಿಯೋ ಟಿಡಿಎಸ್ ಮೀಟರ್ ಏನನ್ನೂ ತೂಗಲ್ಲ. ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ, ಒಂದು ಸ್ಥಿರಾಂಕದಿಂದ ಗುಣಿಸಿ ತೋರಿಸುತ್ತೆ. ಯಾವ ಅಯಾನು ಅಂತ ಅದಕ್ಕೆ ಗೊತ್ತಾಗಲ್ಲ. ಸಾಫ್ಟ್‌ನರ್ ಕೆಲಸ ಮಾಡ್ತಿದೆಯಾ ಅಂತ ಟಿಡಿಎಸ್ ಮೀಟರ್‌ನ ಕೇಳೋದು, ಜ್ವರ ಇದೆಯಾ ಅಂತ ತಕ್ಕಡಿಯನ್ನ ಕೇಳಿದ ಹಾಗೆ.

ಆನ್‌ಲೈನಲ್ಲಿ ಗಡಸುತನ ಅಳೆಯೋ ಸಣ್ಣ ಕಿಟ್ ಸಿಗುತ್ತೆ. ಗೆರೆ ತನಕ ನೀರು ತುಂಬಿ, ಇಂಡಿಕೇಟರ್ ಹಾಕಿ, ಕೆಂಪು ಹೋಗಿ ನೀಲಿ ಆಗೋ ತನಕ ಹನಿ ಎಣಿಸಬೇಕು. ಬಾಟಲಿಯಲ್ಲಿರೋದು ಅದೇ ಇಡಿಟಿಎ, ಬ್ಯುರೆಟ್ ಬದಲು ಡ್ರಾಪರ್, ಅಷ್ಟೇ. ನಾನು ತರಿಸಿದ ಕಿಟ್‌ನಲ್ಲಿ ಒಂದು ಹನಿಗೆ 25 ಪಿಪಿಎಂ. ಸೀಸೆಯನ್ನ ಪರೀಕ್ಷೆಯ ನೀರಿನಿಂದಲೇ ತೊಳೆದು, ಡ್ರಾಪರ್ ಓರೆ ಮಾಡದೆ ನೇರ ಹಿಡಿದು (ಓರೆಯಾದರೆ ಹನಿಯ ಗಾತ್ರ ಬದಲಾಗುತ್ತೆ) ಮೂರು ಸಲ ಮಾಡಿದೆ. ಬೋರ್‌ವೆಲ್ ನೀರಿಗೆ 18, 18, 18 ಹನಿ. ಸಾಫ್ಟ್‌ನರ್ ನೀರಿಗೆ ಮೊದಲ ಹನಿಗೇ ನೀಲಿ. ಅಂದ್ರೆ 450ರಿಂದ 25ಕ್ಕಿಂತ ಕೆಳಗೆ. ಇನ್ನೂ ನಿಖರ ಬೇಕು ಅಂದ್ರೆ ನೀರನ್ನ ದುಪ್ಪಟ್ಟು ತಗೊಂಡರೆ ಆಯ್ತು, ಒಂದು ಹನಿಗೆ 12.5 ಪಿಪಿಎಂ ಆಗುತ್ತೆ. ಬರೀ ಮೋಲ್ ಲೆಕ್ಕ.

ಇದನ್ನ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಮಾಡಿ ತೋರಿಸಿದ ಮೇಲೆ ಮಾತು ದಾರಿಗೆ ಬಂತು. ಕುಡಿಯೋ ನೀರಿನ ಭಾರತೀಯ ಮಾನಕ, ಐಎಸ್ 10500, ಗಡಸುತನಕ್ಕೆ 200, ಬೇರೆ ಮೂಲ ಇಲ್ಲದಿದ್ದರೆ 600 ಅನ್ನುತ್ತೆ. ಟಿಡಿಎಸ್‌ಗೆ 500 ಮತ್ತು 2000. ಎರಡೂ ಬೇರೆ ಬೇರೆ ಸಾಲು. ಇಡೀ ಬಿಲ್ಡಿಂಗಿಗೆ ಆರ್‌ಒ ಹಾಕಿದರೆ ಒಳಗೆ ಹೋದ ನೀರಲ್ಲಿ ಒಂದು ಪಾಲು ಸದಾ ಹೊರಗೆ ಹರೀತಿರುತ್ತೆ. ಟ್ಯಾಂಕರ್‌ಗೆ ದುಡ್ಡು ಕೊಡೋ ಊರಲ್ಲಿ ಸ್ನಾನದ ನೀರಿಗೂ ಅದನ್ನ ಯಾಕೆ ಮಾಡಬೇಕು? ಹಾಗಂತ ಸಾಫ್ಟ್‌ನರ್ ನೀರಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರೋ ಹಿರಿಯರ ಮನೆಗಳಿವೆ. ಕೊನೆಗೆ ಸ್ನಾನ, ಗೀಸರ್ ಲೈನಿಗೆ ಸಾಫ್ಟ್‌ನರ್, ಅಡುಗೆಮನೆಗೆ ಮಾತ್ರ ಮೊದಲಿಂದ ಇದ್ದ ಪುಟ್ಟ ಆರ್‌ಒ ಅಂತ ತೀರ್ಮಾನ ಆಯ್ತು.

ಈಗ ಮತ್ತೆ ಕಲಿಯೋದು ಹೇಗೆ?

ಕ್ಲಾಸಿಗೆ ಕೊರತೆ ಇಲ್ಲ. ಐಐಟಿಗಳ ಮತ್ತು ಐಐಎಸ್‌ಸಿಯ ಎನ್‌ಪಿಟೆಲ್ ಪಾಠಗಳಿವೆ. ಎಂಐಟಿ ಓಪನ್‌ಕೋರ್ಸ್‌ವೇರ್‌ನಲ್ಲಿ 5.111 ಅನ್ನೋ ಮೊದಲ ವರ್ಷದ ಕೆಮಿಸ್ಟ್ರಿ ಕೋರ್ಸ್ ಪೂರ್ತಿ ಉಚಿತ. ಒಂದೇ ಸಲಹೆ: ಒಂದೂವರೆ ಪಟ್ಟು ವೇಗದಲ್ಲಿ ನೋಡಬೇಡಿ. ಲೆಕ್ಕ ಶುರುವಾದಾಗ ವಿಡಿಯೋ ನಿಲ್ಲಿಸಿ, ಪೆನ್ಸಿಲ್ ತಗೊಂಡು ನೀವೇ ಮಾಡಿ, ಆಮೇಲೆ ಮುಂದೆ ಹೋಗಿ.

ಲ್ಯಾಬ್ ವಿಷಯಕ್ಕೆ ಬಂದ್ರೆ, ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಇದೆ. ಕ್ರಮ ನೆನಪಿಸ್ಕೊಳ್ಳೋಕೆ ಚೆನ್ನ. ಆದರೆ ಅಲ್ಲಿ ಕೈ ನಡುಗಲ್ಲ, ಒಂದು ಹನಿ ಜಾಸ್ತಿ ಬೀಳಲ್ಲ. ಅದಕ್ಕೆ ಮನೆಯಲ್ಲೇ ಒಂದು ಪ್ರಯೋಗ ಹೇಳ್ತೀನಿ. ಆರತಿಗೆ ಓಕುಳಿ ನೀರು ಮಾಡ್ತಾರಲ್ಲ, ಅರಿಶಿನ ಮತ್ತು ಸುಣ್ಣ ಸೇರಿದಾಗ ಕೆಂಪು? ಅರಿಶಿನವೇ ಇಂಡಿಕೇಟರ್. ಸುಣ್ಣ ಕದಡಿ, ತಳ ಕೂತ ಮೇಲೆ ತಿಳಿನೀರು ಒಂದು ಚಮಚ ತಗೊಂಡು ಚಿಟಿಕೆ ಅರಿಶಿನ ಹಾಕಿ. ಡ್ರಾಪರ್‌ನಿಂದ ನಿಂಬೆರಸ ಹನಿ ಹನಿ ಬಿಡ್ತಾ ಹೋಗಿ, ಕೆಂಪು ಹೋಗಿ ಹಳದಿ ಆಗೋ ತನಕ ಎಣಿಸಿ. ಹನಿ ಎರಡೋ ಮೂರೋ ಬಂದ್ರೆ ರಸಕ್ಕೆ ಹತ್ತು ಪಟ್ಟು ನೀರು ಬೆರೆಸಿ ಮತ್ತೆ ಶುರು ಮಾಡಿ. ಮೂರು ಸಲ ಮಾಡಿ ಬರೆದಿಡಿ. ಆಮೇಲೆ ಇನ್ನೊಂದು ನಿಂಬೆಹಣ್ಣಿನ ಜತೆ ಹೋಲಿಸಿ. ಸುಣ್ಣ ಕಣ್ಣಿಗೆ ಸಿಡಿಯದ ಹಾಗೆ ನೋಡ್ಕೊಳ್ಳಿ. ಇನ್ನೊಂದು ಎಚ್ಚರಿಕೆ: ಟಾಯ್ಲೆಟ್ ತೊಳೆಯೋ ಆಸಿಡ್‌ನ್ನೂ ಬ್ಲೀಚ್‌ನ್ನೂ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತೆ.

ಮನೆಯಲ್ಲಿ ಮಕ್ಕಳಿದ್ದರೆ ಎಣಿಸೋ ಕೆಲಸ ಅವರಿಗೆ ಕೊಡಿ. ಮೂರು ಸಲಕ್ಕೆ ಮೂರು ಬೇರೆ ಸಂಖ್ಯೆ ಬಂದಾಗ "ಯಾವುದು ಸರಿ?" ಅಂತ ಅವರೇ ಕೇಳ್ತಾರೆ. ಉತ್ತರ ತಕ್ಷಣ ಹೇಳಬೇಡಿ, ನಾಲ್ಕನೇ ಸಲ ಮಾಡಿಸಿ.

ಮುಂದಿನ ಮಾತು ಗೀಸರ್ ಒಳಗಿನ ಆ ಬಿಳಿ ಪದರದ ಬಗ್ಗೆ. ಕಾಯಿಸಿದರೆ ಸಕ್ಕರೆ ಜಾಸ್ತಿ ಕರಗುತ್ತೆ, ಸುಣ್ಣದ ಕಲ್ಲು ಮಾತ್ರ ಯಾಕೆ ಹೊರಗೆ ಬಂದು ಕೂರುತ್ತೆ ಅಂತ ನೋಡೋಣ.